ಮಂಡಿ ನೋವಿಗೆ ಎಷ್ಟು ಪರ್ಸೆಂಟ್?

ಅಮೆರಿಕದ ಮಾಜಿ ಸೈನಿಕರ ಇಲಾಖೆಯ ನಿಯಮಾವಳಿಯಲ್ಲಿ ಮಂಡಿಗೆಂದೇ ಎಂಟು ಸಂಖ್ಯೆಗಳಿವೆ, 5256ರಿಂದ 5263ರವರೆಗೆ. ಕೀಲು ಸೆಟೆದು ಅಲುಗದಂತಾಗಿದ್ದರೆ ಒಂದು, ನಡೆಯುವಾಗ ಮಂಡಿ ಜಾರಿ ಕೈಕೊಡುತ್ತಿದ್ದರೆ ಇನ್ನೊಂದು. ಮೂಳೆಗಳ ನಡುವಿನ ಮಿನಿಸ್ಕಸ್ ಹರಿದು ಕೀಲು ಆಗಾಗ ಸಿಕ್ಕಿಹಾಕಿಕೊಳ್ಳುತ್ತಿದ್ದರೆ ಮತ್ತೊಂದು, ಅದನ್ನು ಕತ್ತರಿಸಿ ತೆಗೆದ ಮೇಲೂ ಕಾಟ ತಪ್ಪದಿದ್ದರೆ ಅದಕ್ಕೂ ಬೇರೆಯದೇ. ಮಡಚಲು ಆಗದಿದ್ದರೆ 5260, ನೆಟ್ಟಗೆ ಚಾಚಲು ಆಗದಿದ್ದರೆ 5261. ಸೈನ್ಯದಿಂದ ಹೊರಬಂದವರು ಮಂಡಿ ನೋವೆಂದು ಅರ್ಜಿ ಹಾಕಿದರೆ, ಆ ನೋವು ಇಂಥದ್ದೊಂದು ಸಂಖ್ಯೆಯೊಳಗೆ ಹೊಕ್ಕು ಶೇಕಡಾ ಇಷ್ಟು ಎಂಬ ಅಂಕಿಯಾಗಿ ಹೊರಬರಬೇಕು. ತಿಂಗಳ ಪರಿಹಾರ ನಿಲ್ಲುವುದು ಆ ಅಂಕಿಯ ಮೇಲೆ.

ಇದೇನೂ ನಾಲ್ಕಾರು ಜನರ ಸಮಸ್ಯೆಯಲ್ಲ. ಇಲಾಖೆ ಪರಿಹಾರ ಕೊಡುತ್ತಿರುವ ಕಾಯಿಲೆಗಳ ಪಟ್ಟಿಯಲ್ಲಿ ಇತ್ತೀಚಿನ ವರ್ಷಗಳಲ್ಲಿ ಕಿವಿಯೊಳಗಿನ ಗುಂಯ್ ಸದ್ದೇ ಮೊದಲನೆಯದು. ಅದರ ಬೆನ್ನಿಗೇ ಇರುವುದು ಮಡಚಲಾಗದ ಮಂಡಿ. ಗುಂಡೇಟು, ಬಾಂಬುಗಳೆಲ್ಲ ಆಮೇಲೆ. ಸೈನಿಕರ ಮಂಡಿಯನ್ನು ಹಾಳುಮಾಡುವುದು ಹೆಚ್ಚಾಗಿ ಯುದ್ಧವಲ್ಲ, ದಿನಚರಿ: ಬೆನ್ನ ಮೇಲೆ ಮೂವತ್ತು ನಲವತ್ತು ಕಿಲೋ ಹೊತ್ತು ನಡೆಯುವುದು, ಲಾರಿಯ ಹಿಂಬದಿಯಿಂದ ಧುಮುಕುವುದು, ಪ್ಯಾರಾಶೂಟಿನಿಂದ ಇಳಿಯುವುದು, ಹಡಗಿನ ಕಬ್ಬಿಣದ ಏಣಿಗಳನ್ನು ಹಗಲೂ ರಾತ್ರಿ ಹತ್ತಿ ಇಳಿಯುವುದು. ಇಪ್ಪತ್ತನೇ ವಯಸ್ಸಿನಲ್ಲಿ ಉಳುಕಿದ್ದು ಮುಲಾಮು ಹಚ್ಚಿದರೆ ಹೋಗುತ್ತದೆ, ನಲವತ್ತರಲ್ಲಿ ಸವೆತವಾಗಿ ಮರಳುತ್ತದೆ.

ಈ ಶೇಕಡಾವಾರು ನೋವಿನ ಅಳತೆ ಅಲ್ಲ ಎಂಬುದು ಬಹುತೇಕರಿಗೆ ಮೊದಲಿಗೆ ಹೊಳೆಯುವುದಿಲ್ಲ. ಕಾನೂನಿನ ಪ್ರಕಾರ ಇದು ಅಳೆಯುವುದು ಸಂಪಾದಿಸುವ ಶಕ್ತಿಯಲ್ಲಿ ಆಗುವ ಸರಾಸರಿ ನಷ್ಟವನ್ನು. ಸರಾಸರಿ ಎಂಬ ಮಾತಿಗೆ ಇಲ್ಲಿ ತೂಕವಿದೆ. ಗಾರೆ ಕೆಲಸ ಮಾಡುವ ಮಾಜಿ ಸೈನಿಕನಿಗೂ, ಬ್ಯಾಂಕಿನಲ್ಲಿ ಕುರ್ಚಿ ಮೇಲೆ ಕೂರುವವನಿಗೂ ಒಂದೇ ಬಗೆಯ ಮಂಡಿಗೆ ಒಂದೇ ಅಂಕಿ. 1945ರಲ್ಲಿ ಬಂದ ಪಟ್ಟಿಯೇ ಇಂದಿನ ಪಟ್ಟಿಗೂ ಅಡಿಪಾಯ. ತಿದ್ದುಪಡಿಗಳು ಆಗಿವೆಯಾದರೂ ಮಂಡಿಯ ಮಟ್ಟಿಗೆ ಅದರ ಜೀವಾಳ ಬದಲಾಗಿಲ್ಲ. ಡಿಗ್ರಿಯಲ್ಲಿ ಅಳೆ, ಕೋಷ್ಟಕ ನೋಡು, ಅಂಕಿ ಬರೆ.

ಆರೋಗ್ಯವಂತ ಮಂಡಿ ಸೊನ್ನೆಯಿಂದ 140 ಡಿಗ್ರಿವರೆಗೆ ಮಡಚುತ್ತದೆ ಎಂಬುದು ಇಲಾಖೆಯ ಲೆಕ್ಕ. ಮಡಚುವುದು 45 ಡಿಗ್ರಿಗೇ ನಿಂತುಬಿಟ್ಟರೆ ಶೇ. 10, 30ಕ್ಕೆ ನಿಂತರೆ ಶೇ. 20, 15ಕ್ಕೆ ನಿಂತರೆ ಶೇ. 30. ಇದಕ್ಕೂ ಮೊದಲು ಇನ್ನೊಂದು ಮೆಟ್ಟಿಲಿದೆ: 60 ಡಿಗ್ರಿಗೆ ನಿಂತರೆ ಶೇ. 0. ನಿಮ್ಮ ಮಂಡಿ ಕೆಟ್ಟಿದೆ, ಅದಕ್ಕೆ ಸೇವೆಯೇ ಕಾರಣ, ಆದರೆ ದುಡ್ಡಿಲ್ಲ ಎಂದು ಅದರರ್ಥ. ಈಗ 70 ಡಿಗ್ರಿ ಮಾತ್ರ ಮಡಚುವ ಮಂಡಿಯೊಂದನ್ನು ಕಲ್ಪಿಸಿಕೊಳ್ಳಿ. ಮೆಟ್ಟಿಲು ಹತ್ತುವುದಕ್ಕೇ ಸುಮಾರು 80 ಡಿಗ್ರಿ ಬೇಕು. ಕುರ್ಚಿಯಿಂದ ಸಲೀಸಾಗಿ ಏಳಲು 90 ದಾಟಬೇಕು. ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವುದು, ಕುಕ್ಕರಗಾಲಿನಲ್ಲಿ ಕೂತು ಕಳೆ ಕೀಳುವುದು, ನಮ್ಮ ಹಳೆಯ ಮಾದರಿಯ ಶೌಚಾಲಯ, ಇವೆಲ್ಲ ದೂರದ ಮಾತು. ಅಂಥ ಮಂಡಿ ಈ ಕೋಷ್ಟಕದ ಸೊನ್ನೆಯ ಸಾಲಿಗೂ ಬರುವುದಿಲ್ಲ. ನೆಲದ ಮೇಲೆ ಕೂರದ ಜನ ಬರೆದ ಕೋಷ್ಟಕ ಎಂದು ನಾವು ನಗಬಹುದು, ಆದರೆ ಕುರ್ಚಿಯಲ್ಲೇ ಕೂರುವವರಿಗೂ ಅದು ನ್ಯಾಯ ಮಾಡಿದಂತೆ ಕಾಣುವುದಿಲ್ಲ.

ಚಾಚಲಾಗದ ಮಂಡಿಯ ಬಗ್ಗೆ ಕೋಷ್ಟಕ ಹೆಚ್ಚು ಉದಾರಿ. ನೆಟ್ಟಗಾಗಲು 10 ಡಿಗ್ರಿ ಕಡಿಮೆ ಬಿದ್ದರೆ ಶೇ. 10, 15 ಕಡಿಮೆಯಾದರೆ ಶೇ. 20, 20 ಆದರೆ ಶೇ. 30, 30 ಆದರೆ ಶೇ. 40, 45 ಆದರೆ ಶೇ. 50. ಇದಕ್ಕೆ ಕಾರಣವೂ ಇದೆ. ಪೂರ್ತಿ ಮಡಚದ ಕಾಲಿನಲ್ಲಿ ಹೇಗೋ ನಡೆಯಬಹುದು, ನೆಟ್ಟಗಾಗದ ಕಾಲಿನಲ್ಲಿ ಪ್ರತಿ ಹೆಜ್ಜೆಯೂ ಕುಂಟು.

ಹಾಗಾದರೆ 120 ಡಿಗ್ರಿ ಮಡಚುವ, ಆದರೆ ಮಡಚಿದಾಗಲೆಲ್ಲ ಚುಚ್ಚುವ ಮಂಡಿಯ ಗತಿ? ನಿಜವಾದ ಮಂಡಿಗಳಲ್ಲಿ ಬಹಳಷ್ಟು ಇಂಥವೇ. ಅವುಗಳಿಗಾಗಿ ನಿಯಮಾವಳಿಯಲ್ಲಿ ಒಂದು ಪುಟ್ಟ ಕಲಮು ಇದೆ. ಕೀಲು ಅಲುಗುವಾಗ ನೋವಿದ್ದರೆ ಆ ಕೀಲಿಗೆ ಹಣ ಸಿಗುವ ಕನಿಷ್ಠ ದರ್ಜೆಯನ್ನಾದರೂ ಕೊಡಬೇಕು ಎನ್ನುತ್ತದೆ ಅದು. ಮಂಡಿಗೆ ಆ ಕನಿಷ್ಠ ದರ್ಜೆ ಶೇ. 10. ಅಷ್ಟೊಂದು ಮಾಜಿ ಸೈನಿಕರ ಪತ್ರಗಳಲ್ಲಿ ಮಂಡಿಯ ಎದುರು ಅದೇ ಹತ್ತು ಕಾಣುವುದು ಇದರಿಂದಲೇ. 2025ರ ದರದಲ್ಲಿ ಶೇ. 10ಕ್ಕೆ ತಿಂಗಳಿಗೆ 175.51 ಡಾಲರ್, ನಮ್ಮ ಲೆಕ್ಕದಲ್ಲಿ ಹದಿನೈದು ಸಾವಿರ ರೂಪಾಯಿಯ ಆಸುಪಾಸು. ಶೇ. 20ಕ್ಕೆ 346.95, ಶೇ. 30ಕ್ಕೆ 537.42. ಇದಕ್ಕೆ ತೆರಿಗೆ ಇಲ್ಲ.

ಅಂಕಿ ಬರೆಯುವವರು ವೈದ್ಯರಲ್ಲ. ವೈದ್ಯರು ಕೋನಮಾಪಕ ಹಿಡಿದು ಅಳೆದು, ನಮೂನೆಯೊಂದನ್ನು ತುಂಬಿ ಕಳಿಸುತ್ತಾರೆ. ಈಚೆಗೆ ಈ ತಪಾಸಣೆಯ ಬಹುಪಾಲು ಗುತ್ತಿಗೆ ಕಂಪನಿಗಳ ಕೈಯಲ್ಲಿದೆ. ಆ ನಮೂನೆ, ಸೇವೆಯ ದಾಖಲೆ, ಆಸ್ಪತ್ರೆಯ ಕಾಗದ, ಹೆಂಡತಿಯೋ ಗೆಳೆಯನೋ ಬರೆದುಕೊಟ್ಟ ಹೇಳಿಕೆ, ಎಲ್ಲವನ್ನೂ ಮುಂದಿಟ್ಟುಕೊಂಡು ನಿರ್ಣಯ ಬರೆಯುವವರು ಪ್ರಾದೇಶಿಕ ಕಚೇರಿಯ ಅಧಿಕಾರಿ. ಅರ್ಜಿದಾರರನ್ನು ಆ ಅಧಿಕಾರಿ ನೋಡುವುದೇ ಇಲ್ಲ. ಆದ್ದರಿಂದ ನಮೂನೆಯಲ್ಲಿ ಬರೆಯದೆ ಬಿಟ್ಟ ನೋವು ಅವರ ಪಾಲಿಗೆ ಇಲ್ಲದ ನೋವು. ಈ ವ್ಯವಸ್ಥೆಯ ಮೇಲಿನ ಜಗಳವೆಲ್ಲ ನನ್ನ ಪ್ರಕಾರ ಇಲ್ಲಿಂದಲೇ ಹುಟ್ಟುತ್ತದೆ. ಶೇಕಡಾವಾರನ್ನು ನಿರ್ಧರಿಸುವುದರಲ್ಲಿ ಮಂಡಿಯ ಸ್ಥಿತಿಗೆ ಎಷ್ಟು ಪಾಲಿದೆಯೋ, ತಪಾಸಣೆಯ ದಿನ ಕೇಳಿದ, ಕೇಳದೆ ಬಿಟ್ಟ ಪ್ರಶ್ನೆಗಳಿಗೂ ಅಷ್ಟೇ ಪಾಲಿದೆ.

1988ರವರೆಗೆ ಈ ಇಲಾಖೆ ಹೇಳಿದ್ದೇ ಕೊನೆಯ ಮಾತಾಗಿತ್ತು. ಅದರ ನಿರ್ಣಯವನ್ನು ಪ್ರಶ್ನಿಸಲು ನ್ಯಾಯಾಲಯದ ಬಾಗಿಲು ತೆರೆದಿರಲಿಲ್ಲ. ಆ ವರ್ಷ ಸಂಸತ್ತು ಮಾಜಿ ಸೈನಿಕರ ಅರ್ಜಿಗಳಿಗೆಂದೇ ಒಂದು ನ್ಯಾಯಾಲಯವನ್ನು ಹುಟ್ಟುಹಾಕಿತು. ಅಲ್ಲಿಂದಾಚೆ ಮೂರು ದಶಕ ಆ ನ್ಯಾಯಾಲಯ ಕೀಲುಗಳ ವಿಷಯದಲ್ಲಿ ಮಾಡಿದ ಕೆಲಸವನ್ನು ಸಣ್ಣದು ಎನ್ನಲಾಗದು. ಹೊಸ ಕೋಷ್ಟಕವನ್ನೇನೂ ಅದು ಬರೆಯಲಿಲ್ಲ, ಅಳೆಯುವವರು ಏನೇನು ಕೇಳಬೇಕು ಎಂಬುದನ್ನು ಒಂದೊಂದಾಗಿ ಸೇರಿಸುತ್ತ ಹೋಯಿತು.

1995ರ ಡೆಲೂಕಾ ಪ್ರಕರಣ ಮೊದಲನೆಯ ದೊಡ್ಡ ಹೆಜ್ಜೆ. ಕೀಲು ಎಷ್ಟು ಡಿಗ್ರಿ ಅಲುಗುತ್ತದೆ ಎಂದು ಒಮ್ಮೆ ಅಳೆದು ಕೈತೊಳೆದುಕೊಳ್ಳುವಂತಿಲ್ಲ, ಬಳಸಿ ಬಳಸಿ ದಣಿದ ಮೇಲೆ, ನೋವು ಕೆರಳಿದಾಗ ಎಷ್ಟು ಚಲನೆ ಉಳಿಯುತ್ತದೆ ಎಂಬುದನ್ನೂ ಹೇಳಬೇಕು ಎಂದಿತು ನ್ಯಾಯಾಲಯ. ನೋವಿನಿಂದ ಕೆಲಸ ಕೆಡುವ ಅಂಗವನ್ನು ತೀವ್ರ ವೈಕಲ್ಯವೆಂದೇ ನೋಡಬೇಕೆಂಬ ಮಾತು ನಿಯಮಾವಳಿಯಲ್ಲಿ ಮೊದಲಿನಿಂದಲೂ ಇತ್ತು. ಓದುವವರಿರಲಿಲ್ಲ. 2011ರ ಮಿಚೆಲ್ ತೀರ್ಪು ಇದಕ್ಕೊಂದು ಗಡಿ ಹಾಕಿತು: ನೋವಿದೆ ಎಂದಷ್ಟಕ್ಕೇ ಮೇಲಿನ ದರ್ಜೆ ಬಾರದು, ಆ ನೋವು ಓಡಾಟವನ್ನೋ ಕೆಲಸವನ್ನೋ ತಡೆಯುತ್ತಿರಬೇಕು. 2016ರ ಕೊರಿಯಾ ತೀರ್ಪು ಅಳತೆಯ ವಿಧಾನಕ್ಕೇ ಕೈಹಾಕಿತು. ತಾನಾಗಿ ಮಡಚಿದಾಗ, ವೈದ್ಯರು ಹಿಡಿದು ಮಡಚಿದಾಗ, ಭಾರ ಬಿಟ್ಟು ನಿಂತಾಗ, ಭಾರ ಬಿಡದಿದ್ದಾಗ, ಹೀಗೆ ಬೇರೆ ಬೇರೆಯಾಗಿ ನೋಡಬೇಕು; ಜೊತೆಗೆ ಇನ್ನೊಂದು ಮಂಡಿ ಚೆನ್ನಾಗಿದ್ದರೆ ಅದರೊಂದಿಗೆ ಹೋಲಿಸಲೂಬೇಕು. ಮಂಚದ ಮೇಲೆ ಮಲಗಿಸಿ ಅಳೆದರೆ ಯಾವ ಮಂಡಿಯೂ ಒಳ್ಳೆಯ ಮಂಡಿಯೇ ಎಂಬುದು ಮೂಳೆ ವೈದ್ಯರಿಗೆ ಗೊತ್ತಿರುವ ವಿಷಯ. ಅದು ಕಾನೂನಿಗೆ ತಲುಪಲು 2016 ಆಗಬೇಕಾಯಿತು.

ಮರುವರ್ಷದ ಶಾರ್ಪ್ ತೀರ್ಪು ನನಗೆ ಎಲ್ಲಕ್ಕಿಂತ ಮಾನವೀಯವಾಗಿ ಕಾಣುತ್ತದೆ. ಮಂಡಿ ನೋವು ದಿನವೂ ಒಂದೇ ಸಮ ಇರುವುದಿಲ್ಲ. ತಿಂಗಳಿಗೆ ಮೂರೋ ನಾಲ್ಕೋ ದಿನ ಹಾಸಿಗೆಯಿಂದ ಏಳಲಾಗದಂತೆ ಕೆರಳಿ, ಉಳಿದ ದಿನ ಸುಮ್ಮನಿರುತ್ತದೆ. ತಪಾಸಣೆಯ ದಿನಾಂಕ ಕೊಡುವವರು ನೋವಿನ ಪಂಚಾಂಗ ನೋಡಿ ಕೊಡುವುದಿಲ್ಲವಲ್ಲ. ಸುಮ್ಮನಿದ್ದ ದಿನ ಹೋದವರ ನಮೂನೆಯಲ್ಲಿ ವೈದ್ಯರು, ಈಗ ನೋವು ಕೆರಳಿಲ್ಲ, ಕೆರಳಿದಾಗ ಎಷ್ಟು ಮಡಚುತ್ತದೆ ಎಂದು ಹೇಳಿದರೆ ಬರೀ ಊಹೆಯಾದೀತು ಎಂದು ಬರೆದು ಮುಗಿಸುತ್ತಿದ್ದರು. ಆ ಜಾಣತನ ನಡೆಯದು ಎಂದಿತು ನ್ಯಾಯಾಲಯ. ಎಷ್ಟು ದಿನಕ್ಕೊಮ್ಮೆ ಕೆರಳುತ್ತದೆ, ಎಷ್ಟು ಹೊತ್ತು ಇರುತ್ತದೆ, ಆಗ ಏನು ಮಾಡಲಾಗುವುದಿಲ್ಲ ಎಂದು ಮಾಜಿ ಸೈನಿಕರನ್ನೇ ಕೇಳಿ, ಅವರು ಹೇಳಿದ್ದರ ಆಧಾರದ ಮೇಲೆ ಡಿಗ್ರಿಯ ಅಂದಾಜು ಕೊಡಬೇಕು. ನಿಜವಾಗಿಯೂ ಅಂದಾಜಿಸಲಾಗದಿದ್ದರೆ ಏಕೆ ಆಗದು ಎಂಬುದನ್ನು ವಿವರಿಸಬೇಕು.

2018ರಲ್ಲಿ ಫೆಡರಲ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಇನ್ನೂ ಮುಂದೆ ಹೋಯಿತು. 1987ರಿಂದ 1994ರವರೆಗೆ ಸೈನ್ಯದಲ್ಲಿದ್ದ ಮಹಿಳೆಯೊಬ್ಬರ ಪ್ರಕರಣ ಅದು. ಸೇರುವಾಗ ಮಂಡಿಗಳು ಸರಿಯಾಗಿದ್ದವು, ಸೇವೆಯಲ್ಲಿರುವಾಗಲೇ ಮಂಡಿಚಿಪ್ಪಿನ ಸುತ್ತ ನೋವು ಶುರುವಾದದ್ದು ದಾಖಲೆಯಲ್ಲಿತ್ತು. ನೋವಿದೆ, ಓಡಾಟಕ್ಕೆ ತೊಂದರೆಯೂ ಇದೆ ಎಂದು ಇಲಾಖೆಯ ಪರೀಕ್ಷಕರೇ ಒಪ್ಪಿದ್ದರು. ಆದರೆ ನೋವಿಗೆ ಕಾರಣವಾದ ಕಾಯಿಲೆಯ ಹೆಸರು ಸಿಗಲಿಲ್ಲ, ಹಾಗಾಗಿ ವೈಕಲ್ಯವೇ ಇಲ್ಲ ಎಂದು ಅರ್ಜಿ ಬಿದ್ದುಹೋಗಿತ್ತು. ಕೆಲಸಕ್ಕೆ ಅಡ್ಡಿಯಾಗುವಷ್ಟು ನೋವಿದ್ದರೆ ಅದೇ ವೈಕಲ್ಯ, ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದರೂ ಸರಿ ಎಂದು ಆ ನ್ಯಾಯಾಲಯ ಹೇಳಿತು. ಸಾಂಡರ್ಸ್ ತೀರ್ಪು ಎಂದೇ ಅದು ಈಗ ಎಲ್ಲರ ಬಾಯಲ್ಲಿದೆ.

ಹೀಗೆ ಬಾಯಿಮಾತನ್ನು ನಂಬುತ್ತ ಹೋದರೆ ಸುಳ್ಳು ಹೇಳಿ ಹಣ ಹೊಡೆಯುವವರಿಗೆ ಹಬ್ಬವಾಗದೇ ಎಂಬ ಆಕ್ಷೇಪ ಅಲ್ಲೂ ಇದೆ, ನಮ್ಮಲ್ಲೂ ಇದೆ. ಕುಂಟುವ ನಟನೆ ಮಾಡುವವರು ಇರುವುದು ನಿಜ. ಆದರೆ ಕೋನಮಾಪಕದ ಮುಂದೆಯೂ ನಟಿಸಬಹುದು, 100 ಡಿಗ್ರಿ ಮಡಚುವ ಮಂಡಿಯನ್ನು 40ಕ್ಕೆ ನಿಲ್ಲಿಸಿ ಹಲ್ಲು ಕಚ್ಚಬಹುದು. ಡಿಗ್ರಿ ಸುಳ್ಳು ಹೇಳುವುದಿಲ್ಲ, ಮನುಷ್ಯ ಮಾತ್ರ ಹೇಳುತ್ತಾನೆ ಎಂಬ ನಂಬಿಕೆಗೆ ಆಧಾರವಿಲ್ಲ. ಹತ್ತು ವರ್ಷದ ಔಷಧ ಚೀಟಿ, ಫಿಸಿಯೋಥೆರಪಿಯ ದಾಖಲೆ, ಜೊತೆ ಕೆಲಸಗಾರರ ಹೇಳಿಕೆ ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂದು ನೋಡುವುದು ಹೆಚ್ಚು ಗಟ್ಟಿಯಾದ ಪರೀಕ್ಷೆ.

ಜಾರುವ ಮಂಡಿಯ ವಿಷಯದಲ್ಲಿ ಇಲಾಖೆಯೇ 2021ರ ಫೆಬ್ರವರಿಯಲ್ಲಿ ನಿಯಮ ಬದಲಿಸಿತು. ಮೊದಲು ಜಾರುವಿಕೆ ಅಲ್ಪವೋ, ಮಧ್ಯಮವೋ, ತೀವ್ರವೋ ಎಂದು ಅಧಿಕಾರಿ ತೂಗಿ ಶೇ. 10, 20, 30 ಕೊಡುತ್ತಿದ್ದರು. ಒಬ್ಬರ ಅಲ್ಪ ಇನ್ನೊಬ್ಬರಿಗೆ ಮಧ್ಯಮ. ಈಗ ನೋಡುವುದು ಲಿಗಮೆಂಟ್ ಎಷ್ಟು ಹರಿದಿದೆ, ಜೋಡಿಸಿದ್ದಾರೆಯೇ, ವೈದ್ಯರು ಮಂಡಿಪಟ್ಟಿ ಅಥವಾ ಊರುಗೋಲನ್ನು ಬರೆದುಕೊಟ್ಟಿದ್ದಾರೆಯೇ ಎಂಬುದನ್ನು. ಶೇ. 30 ಸಿಗಬೇಕಾದರೆ ಪೂರ್ತಿ ಹರಿದ ಲಿಗಮೆಂಟ್ ಜೋಡಣೆಯಾಗದೆ ಉಳಿದಿರಬೇಕು ಅಥವಾ ಜೋಡಣೆ ವಿಫಲವಾಗಿರಬೇಕು, ಜೊತೆಗೆ ಪಟ್ಟಿ ಮತ್ತು ಊರುಗೋಲು ಎರಡನ್ನೂ ವೈದ್ಯರು ಬರೆದಿರಬೇಕು. ಮನಸೋಇಚ್ಛೆ ಅಂಕಿ ಹಾಕುವುದಕ್ಕೆ ಕಡಿವಾಣ ಬಿತ್ತು, ನಿಜ. ಆದರೆ ಔಷಧಿ ಅಂಗಡಿಯಲ್ಲಿ ತಾವೇ ಪಟ್ಟಿ ಕೊಂಡು ಐದು ವರ್ಷದಿಂದ ಕಟ್ಟಿಕೊಂಡು ತಿರುಗುವವರಿಗೆ ಆ ಪಟ್ಟಿಯಿಂದ ಈಗ ಲಾಭವಿಲ್ಲ. ಚೀಟಿ ಬೇಕು. ಇದೇ ಬದಲಾವಣೆಯಲ್ಲಿ ಕೃತಕ ಮಂಡಿ ಹಾಕಿಸಿಕೊಂಡವರಿಗೆ ಒಂದು ವರ್ಷ ಸಿಗುತ್ತಿದ್ದ ಶೇ. 100 ನಾಲ್ಕು ತಿಂಗಳಿಗೆ ಇಳಿಯಿತು. ಆಮೇಲೆ ಕನಿಷ್ಠ ಶೇ. 30, ತೀವ್ರ ನೋವೋ ನಿಶ್ಶಕ್ತಿಯೋ ಉಳಿದಿದ್ದರೆ ಶೇ. 60. ಶಸ್ತ್ರಚಿಕಿತ್ಸೆ ಸುಧಾರಿಸಿದೆ ಎಂಬುದು ಕೊಟ್ಟ ಕಾರಣ. ಎಲ್ಲರ ಮಂಡಿಯೂ ನಾಲ್ಕೇ ತಿಂಗಳಲ್ಲಿ ಕೆಲಸಕ್ಕೆ ಸಜ್ಜಾಗುತ್ತದೆಯೇ ಎಂಬುದನ್ನು ಮಂಡಿ ಬದಲಿಸಿಕೊಂಡ ಯಾರನ್ನಾದರೂ ಕೇಳಿ ನೋಡಬೇಕು.

ಒಂದೇ ಮಂಡಿಗೆ ಎರಡು ಅಂಕಿ ಸಿಗಬಹುದೇ? ಸಿಗಬಹುದು. ಒಂದೇ ತೊಂದರೆಗೆ ಎರಡು ಸಲ ಹಣ ಇಲ್ಲ ಎಂಬ ನಿಯಮವಿದೆ, ಆದರೆ ಜಾರುವುದು ಬೇರೆ, ಮಡಚದಿರುವುದು ಬೇರೆ ಎಂದು 1997ರಿಂದಲೂ ಒಪ್ಪಿಕೊಂಡಿದ್ದಾರೆ. ಮಡಚದಿರುವುದಕ್ಕೂ ಚಾಚದಿರುವುದಕ್ಕೂ ಪ್ರತ್ಯೇಕ ದರ್ಜೆ 2004ರಿಂದ ಇದೆ. ಎಷ್ಟು ಸೇರಿಸಿದರೂ ಮಂಡಿಯ ಮೊತ್ತ ಶೇ. 60 ಮೀರುವಂತಿಲ್ಲ, ಏಕೆಂದರೆ ಮಂಡಿಯ ಮೇಲ್ಭಾಗದಲ್ಲಿ ಕಾಲನ್ನೇ ಕತ್ತರಿಸಿದ್ದರೆ ಸಿಗುವುದು ಅಷ್ಟೇ. ಇರುವ ಕಾಲು ಇಲ್ಲದ ಕಾಲಿಗಿಂತ ದುಬಾರಿಯಾಗಬಾರದು ಎಂಬ ತರ್ಕ.

ಎರಡು ಮಂಡಿಗಳನ್ನು ಕೂಡುವ ಗಣಿತ ಇನ್ನೂ ವಿಚಿತ್ರ. ಬಲಕ್ಕೆ ಶೇ. 30, ಎಡಕ್ಕೆ ಶೇ. 20 ಬಂದರೆ ಮೊತ್ತ 50 ಎಂದು ನಾವು ನೀವು ಹೇಳುತ್ತೇವೆ. ಇಲಾಖೆಯ ಲೆಕ್ಕ ಆಷಾಢದ ಸೀರೆ ಅಂಗಡಿಯ ರಿಯಾಯಿತಿ ಮೇಲೆ ರಿಯಾಯಿತಿಯಂತೆ. ನೂರರಲ್ಲಿ 30 ಹೋಗಿ ಉಳಿದದ್ದು 70, ಆ ಎಪ್ಪತ್ತರಲ್ಲಿ ಶೇ. 20 ಎಂದರೆ 14, ಒಟ್ಟು 44. ಅಂತಿಮ ಅಂಕಿಯನ್ನು ಹತ್ತಿರದ ಹತ್ತಕ್ಕೆ ಹೊಂದಿಸುವುದರಿಂದ 44 ಎಂದರೆ 40 ಆಗಿಬಿಡುತ್ತಿತ್ತು. ಆದರೆ ಎರಡೂ ಕಾಲು ಕೆಟ್ಟವರಿಗೆ ಒಂದರ ಭಾರವನ್ನು ಇನ್ನೊಂದರ ಮೇಲೆ ಹಾಕುವ ದಾರಿಯೂ ಇಲ್ಲ. ಹಾಗಾಗಿ ಬಂದ ಮೊತ್ತಕ್ಕೆ ಅದರ ಹತ್ತನೇ ಒಂದು ಭಾಗ ಸೇರಿಸಬೇಕು. 44ಕ್ಕೆ 4.4 ಸೇರಿ 48.4, ಅಂದರೆ 50. ಒಂಟಿ ಮಾಜಿ ಸೈನಿಕರಿಗೆ 2025ರಲ್ಲಿ ಶೇ. 40ಕ್ಕೆ 774.16 ಡಾಲರ್, ಶೇ. 50ಕ್ಕೆ 1,102.04. ಆ ನಾಲ್ಕು ಚಿಲ್ಲರೆಯ ಬೆಲೆ ತಿಂಗಳಿಗೆ ಮುನ್ನೂರು ಡಾಲರ್‌ಗೂ ಮೇಲೆ.

ನಿರ್ಣಯ ಒಪ್ಪದವರಿಗೆ 2019ರ ಫೆಬ್ರವರಿಯಿಂದ ಮೂರು ದಾರಿಗಳಿವೆ. ಹೊಸ ಸಾಕ್ಷ್ಯ ಕೊಟ್ಟು ಮತ್ತೆ ಕೇಳಬಹುದು. ಹಿರಿಯ ಅಧಿಕಾರಿ ಇರುವ ಕಾಗದಗಳನ್ನೇ ಮರುಪರಿಶೀಲಿಸಲಿ ಎನ್ನಬಹುದು. ಮೇಲ್ಮನವಿ ಮಂಡಳಿಗೆ ಹೋಗಬಹುದು. ಒಂದು ವರ್ಷದೊಳಗೆ ಯಾವುದಾದರೂ ಒಂದನ್ನು ಹಿಡಿದವರಿಗೆ, ಗೆದ್ದರೆ, ಮೊದಲ ಅರ್ಜಿಯ ತಾರೀಖಿನಿಂದಲೇ ಬಾಕಿ ಹಣ ಸಿಗುವ ಅವಕಾಶ ಉಳಿಯುತ್ತದೆ. ಅಳತೆ ತಪ್ಪಾಗಿದೆ, ನೋವು ಕೆರಳುವ ದಿನಗಳ ಬಗ್ಗೆ ಕೇಳಲೇ ಇಲ್ಲ ಎಂಬ ದೂರಿದ್ದವರು ಮೊದಲು ಆ ನಮೂನೆಯ ಪ್ರತಿ ತರಿಸಿ ಓದಬೇಕು. ಬಹಳ ಜನ ನಿರ್ಣಯದ ಪತ್ರವನ್ನಷ್ಟೇ ಓದುತ್ತಾರೆ. ಎರಡೂ ಕಡೆಯ ಸಾಕ್ಷ್ಯ ಸರಿಸುಮಾರು ಸಮವಾಗಿದ್ದರೆ ಸಂಶಯದ ಲಾಭ ಮಾಜಿ ಸೈನಿಕರಿಗೇ ಎಂಬುದು ಅಲ್ಲಿನ ಕಾನೂನು.

ಆ ಕೊನೆಯ ಮಾತು ನಮ್ಮಲ್ಲೂ ಇದೆ. ಬೆಂಗಳೂರಿನಲ್ಲಿ ಪ್ಯಾರಾಶೂಟ್ ರೆಜಿಮೆಂಟಿನ ತರಬೇತಿ ಕೇಂದ್ರ, ಬೆಳಗಾವಿಯಲ್ಲಿ ಮರಾಠಾ ಪದಾತಿ ದಳದ ಕೇಂದ್ರ, ಕೊಡಗಿನಲ್ಲಿ ಮನೆಮನೆಗೆ ಸೈನ್ಯದ ನಂಟು; ಮಂಡಿ ಹಿಡಿದು ಮೆಟ್ಟಿಲು ಇಳಿಯುವ ಮಾಜಿ ಸೈನಿಕರು ಕರ್ನಾಟಕಕ್ಕೆ ಅಪರಿಚಿತರಲ್ಲ. ಇಲ್ಲಿ ನಿವೃತ್ತಿಯ ಹೊತ್ತಿಗೆ ವೈದ್ಯಕೀಯ ಮಂಡಳಿ ಶೇಕಡಾವಾರು ಬರೆಯುತ್ತದೆ. ಶೇ. 20 ಮುಟ್ಟದಿದ್ದರೆ ವೈಕಲ್ಯ ಪಿಂಚಣಿ ಇಲ್ಲ, ಅಂದರೆ ಅಮೆರಿಕದಲ್ಲಿ ಅಷ್ಟು ಜನರಿಗೆ ಸಿಗುವ ಆ ಹತ್ತಕ್ಕೆ ಇಲ್ಲಿ ಬೆಲೆಯಿಲ್ಲ. ಆದರೆ ಇಪ್ಪತ್ತು ದಾಟಿದವರಿಗೆ ನಮ್ಮ ಪದ್ಧತಿ ಹೆಚ್ಚು ಕೈಬಿಚ್ಚಿ ಕೊಡುತ್ತದೆ. 50ಕ್ಕಿಂತ ಕಡಿಮೆ ಇರುವುದನ್ನು 50ಕ್ಕೆ, 50ರಿಂದ 75ರೊಳಗಿನದನ್ನು 75ಕ್ಕೆ, ಅದಕ್ಕೂ ಮೇಲಿನದನ್ನು 100ಕ್ಕೆ ಏರಿಸುವ ಕ್ರಮವಿದೆ. ಅರ್ಧದಲ್ಲಿ ಸೇವೆ ಬಿಡಬೇಕಾದವರಿಗೆ ಮಾತ್ರವಲ್ಲ, ಅವಧಿ ಮುಗಿಸಿ ನಿವೃತ್ತರಾದವರಿಗೂ ಇದು ಸಲ್ಲಬೇಕೆಂದು 2014ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರಾಮ್ ಅವತಾರ್ ಪ್ರಕರಣದಲ್ಲಿ ಹೇಳಿತು.

ನಮ್ಮಲ್ಲಿ ಜಗಳ ನಡೆಯುವುದು ಡಿಗ್ರಿಗಳ ಮೇಲಲ್ಲ, ಅದಕ್ಕೂ ಹಿಂದಿನ ಪ್ರಶ್ನೆಯ ಮೇಲೆ. ಈ ಮಂಡಿ ಸೇವೆಯಿಂದ ಕೆಟ್ಟದ್ದೇ, ಅಥವಾ ಸೇವೆಯಿಂದ ಉಲ್ಬಣಿಸಿದ್ದೇ? ಎರಡೂ ಅಲ್ಲ ಎಂದು ಮಂಡಳಿ ಒಂದು ಸಾಲು ಬರೆದರೆ ಶೇ. 40 ಇದ್ದರೂ ಕೈಗೆ ಬರುವುದು ಸೊನ್ನೆ. ಭರ್ತಿಯಾಗುವಾಗ ಆರೋಗ್ಯವಾಗಿದ್ದವನಿಗೆ ಆಮೇಲೆ ಬಂದ ಕಾಯಿಲೆ ಸೇವೆಯಿಂದಲೇ ಬಂದದ್ದು ಎಂದು ಭಾವಿಸಬೇಕು, ಅಲ್ಲವೆನ್ನುವ ಮಂಡಳಿ ಕಾರಣ ಕೊಡಬೇಕು ಎಂದು ಧರಮವೀರ್ ಸಿಂಗ್ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೂ ಈ ಒಂದು ಸಾಲಿನ ಜಗಳ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಪೀಠಗಳಿಗೆ ಬರುತ್ತಲೇ ಇದೆ.

ರಜೆಯ ಮೇಲೆ ಊರಿಗೆ ಬಂದವನೊಬ್ಬ ಮಡಿಕೇರಿಯ ಇಳಿಜಾರಿನಲ್ಲಿ ಬೈಕಿನಿಂದ ಬಿದ್ದು ಮಂಡಿಯ ಲಿಗಮೆಂಟ್ ಹರಿದುಕೊಂಡ ಎನ್ನೋಣ. ಅಮೆರಿಕದ ಕಾನೂನಿನಲ್ಲಿ ಒಪ್ಪಿಗೆ ಪಡೆದ ರಜೆಯೂ ಸೇವೆಯ ಅವಧಿಯೇ. ಕುಡಿದು ಓಡಿಸುವಂಥ ಉದ್ದೇಶಪೂರ್ವಕ ದುರ್ನಡತೆ ಇಲ್ಲದಿದ್ದರೆ ಆ ಮಂಡಿ ಸೀದಾ ಜಾರುವ ಮಂಡಿಯ ಸಂಖ್ಯೆಯಾದ 5257ರ ಸಾಲಿಗೆ ಬಂದು ನಿಲ್ಲುತ್ತದೆ. ಭಾರತದಲ್ಲಿ ಗಾಯಕ್ಕೂ ಸೈನಿಕ ಕರ್ತವ್ಯಕ್ಕೂ ಕೊಂಡಿ ತೋರಿಸಬೇಕು; ವಾರ್ಷಿಕ ರಜೆಯಲ್ಲಿ ರಸ್ತೆ ಅಪಘಾತಕ್ಕೆ ಸಿಕ್ಕ ಸೈನಿಕನೊಬ್ಬನಿಗೆ ಆ ಕೊಂಡಿ ಇಲ್ಲ ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ಪಿಂಚಣಿ ನಿರಾಕರಿಸಿತು. ಮಡಿಕೇರಿಯಲ್ಲಿ ಬಿದ್ದವನಿಗೂ ಅದೇ ತೀರ್ಪು ಅಡ್ಡ ಬರುತ್ತದೆ. ಮಂಡಳಿ ಅವನಿಗೆ ಶೇ. 20 ಬರೆಯಲಿ, ಶೇ. 40 ಬರೆಯಲಿ, ವೈಕಲ್ಯ ಪಿಂಚಣಿಯ ಲೆಕ್ಕದಲ್ಲಿ ಎರಡೂ ಒಂದೇ.